ದಿಂಬುಗಲ್ಲಿಗೂ ಬೇಕು ರಕ್ಷಣೆ

ವಿಜಯನಗರದ ಪಕ್ಕದ ಮಾರೇನಹಳ್ಳಿಯಿಂದ ಚಿತ್ರದುರ್ಗದ ಕೋಟೆ ನೋಡಲು ಹೊರಟ ಶಾಲಾ ಪ್ರವಾಸದ ಬಸ್ಸು ಹಿರಿಯೂರು ದಾಟಿ ಐಮಂಗಲದ ಮೂಲಕ ಸಾಗುತ್ತದೆ. ಅಲ್ಲಿಂದ ಅನತಿ ದೂರದಲ್ಲೇ ಇರುವ ಮತ್ತೊಂದು ಊರಿನ ಹೆಸರು ಹೆಚ್ಚುಕಡಿಮೆ ತಮ್ಮ ಬಡಾವಣೆಯ ಹೆಸರಿನಂತೆಯೇ ಇದೆ ಎಂಬುದು ಮಕ್ಕಳಿಗೆ ತಿಳಿಯುವುದಿಲ್ಲ. ಅದು ಮಾರಡಿಹಳ್ಳಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿರುವ ದಿಂಬು ಲಾವಾ ಇರುವುದು ಇಲ್ಲಿಯೇ. ಒಂದರ ಮೇಲೊಂದು ಪೇರಿಸಿಟ್ಟ ದಿಂಬುಗಳಂತೆ ಕಾಣುವ ಈ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ.

ಒಣ ನೆಲದ ಚಿತ್ರದುರ್ಗ ಸೀಮೆ ಒಂದು ಕಾಲಕ್ಕೆ ನೀರಿನಡಿ ಇತ್ತು ಎನ್ನುವುದಕ್ಕೆ ಈ ಬಂಡೆಗಳೇ ಸಾಕ್ಷಿ. ನೀರಿನ ತಳದಲ್ಲಿ ಬಿರುಕಿನಿಂದ ಉಕ್ಕಿದ ಶಿಲಾರಸಕ್ಕೆ ತಣ್ಣೀರು ಸೋಕಿದೊಡನೆ ಹೊರಮೈ ಗಾಜಿನಂಥ ತೊಗಟೆಯಾಗುತ್ತದೆ. ಒಳಗಿನದು ಕುದಿಯುತ್ತಲೇ ಇರುತ್ತದೆ. ಒತ್ತಡಕ್ಕೆ ತೊಗಟೆ ಸೀಳಿ ಮತ್ತೊಂದು ಉಂಡೆ ಹೊರಬರುತ್ತದೆ. ಇನ್ನೂ ಮೆತ್ತಗಿರುವ ಆ ಉಂಡೆ ಕೆಳಗಿನ ದಿಂಬುಗಳ ಸಂದಿಗೆ ಜೋತುಬೀಳುವುದರಿಂದ ಅದರ ನೆತ್ತಿ ದುಂಡಗೆ, ತಳ ಚೂಪಾಗಿ ಉಳಿಯುತ್ತದೆ. ಭೂಚಲನೆಯಿಂದ ಮಡಿಸಿ ಮಗುಚಿಹೋದ ಪದರಗಳಲ್ಲಿ ಮೂಲತಃ ಯಾವುದು ಮೇಲು, ಯಾವುದು ಕೆಳಗು ಎಂಬುದನ್ನು ಭೂವಿಜ್ಞಾನಿಗಳು ಈ ಆಕಾರದಿಂದಲೇ ಓದುತ್ತಾರೆ. ಒಂದು ದಿಂಬನ್ನು ಕಿತ್ತರೆ ಈ ಓದು ಅಷ್ಟರ ಮಟ್ಟಿಗೆ ಅಳಿಸಿಹೋದಂತೆ.

ಮಲ್ಪೆಯ ಕಡಲಲ್ಲಿರುವ ಸೇಂಟ್ ಮೇರೀಸ್ ದ್ವೀಪಗಳ ಕಂಬಗಲ್ಲುಗಳು ಇದಕ್ಕಿಂತ ಪ್ರಸಿದ್ಧ. ಅಲ್ಲಿ ಲಾವಾ ತಣಿಯುವಾಗ ಕುಗ್ಗಿತು. ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಬಿರಿಯುವಂತೆ ಬಿರಿಯಿತು. ಬಿರುಕುಗಳು ಮೇಲ್ಮೈಯಿಂದ ಆಳಕ್ಕೆ ಇಳಿದಂತೆ ಐದು, ಆರು, ಏಳು ಮುಖದ ಕಂಬಗಳಾದವು. ಜನ ಇದನ್ನು ಬಸಾಲ್ಟ್ ಎಂದು ಕರೆಯುತ್ತ ಬಂದಿದ್ದರೂ ನಿಜದಲ್ಲಿ ಅದು ಸಿಲಿಕಾ ಹೆಚ್ಚಿರುವ ಬೇರೆ ಬಗೆಯ ಶಿಲೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಟ್ಟ ಕಾಲದ ಗುರುತು ಅದು.

ಹೀಗೆ ಘೋಷಿತವಾದ ಕರ್ನಾಟಕದ ನಾಲ್ಕು ಸ್ಮಾರಕಗಳಲ್ಲಿ ಮೂರು ಜ್ವಾಲಾಮುಖಿಯ ಕೊಡುಗೆ; ಮೂರನೆಯದು ಕೋಲಾರ ಚಿನ್ನದ ಗಣಿ ಸೀಮೆಯ ಪೆದ್ದಪಲ್ಲಿಯಲ್ಲಿದೆ. ನಾಲ್ಕನೆಯದು ಬೆಂಗಳೂರಿನಲ್ಲೇ, ಲಾಲ್‌ಬಾಗ್‌ನಲ್ಲಿ, ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ. ಅದಕ್ಕೆ ಉದ್ಯಾನದ ಆವರಣವಿದೆ, ಕಾವಲಿದೆ. ಮಾರಡಿಹಳ್ಳಿಯ ಬಂಡೆಗೆ ಅಂಥ ಭಾಗ್ಯವಿಲ್ಲ.

ಘೋಷಣೆಯೇ ರಕ್ಷಣೆಯಲ್ಲ. ಪುರಾತತ್ವ ಸ್ಮಾರಕಗಳಿಗೆ 1958ರ ಕಾಯಿದೆಯ ಬಲವಿದೆ. ಮನುಷ್ಯ ಕಡೆದ ಕಲ್ಲಿಗೆ ಸಿಕ್ಕ ಈ ಆಸರೆ ಭೂಮಿಯೇ ಕಡೆದ ಕಲ್ಲಿಗೆ ಅದೇ ಬಲದೊಡನೆ ದಕ್ಕಲಿಲ್ಲ. ಈ ಕೊರತೆಯನ್ನು ನೀಗಲೆಂದೇ ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಭೂಪರಂಪರೆಯ ತಾಣಗಳ ಸಂರಕ್ಷಣೆಗೆ ಕರಡು ಮಸೂದೆಯೊಂದನ್ನು ಪ್ರಕಟಿಸಿತು. ರಾಜ್ಯ ಸರ್ಕಾರ ದೆಹಲಿಯತ್ತ ನೋಡುತ್ತ ಕೂರಬೇಕಾಗಿಲ್ಲ. ಕಲ್ಲುಗಣಿಗೆ ಪರವಾನಗಿ ಕೊಡುವ ಅಧಿಕಾರ ಅದರದೇ. ಈ ತಾಣಗಳ ಸುತ್ತ ಇಂತಿಷ್ಟು ದೂರ ಗಣಿ ಕೂಡದೆಂದು ಆದೇಶಿಸುವುದೂ ಅದಕ್ಕೆ ಸಾಧ್ಯ. ಗ್ರಾಮ ಪಂಚಾಯಿತಿಗೆ ಕಾವಲಿನ ಹೊಣೆಯನ್ನಷ್ಟೇ ಹೊರಿಸದೆ ಅದಕ್ಕೆ ಬೇಕಾದ ಹಣವನ್ನೂ ಕೊಡಬೇಕು.

ಉತ್ತರ ಐರ್ಲೆಂಡ್‌ನ ಜೈಂಟ್ಸ್ ಕಾಸ್‌ವೇ ಎಂಬ ಕಂಬಗಲ್ಲುಗಳ ದಂಡೆ 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಮ್ಮ ಮಕ್ಕಳಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಚಿತ್ರದುರ್ಗದ ಪ್ರವಾಸಕ್ಕೆ ಒಂದು ಗಂಟೆ ಸೇರಿಸಿ, ಐಮಂಗಲದ ಬಳಿ ಬಸ್ಸು ತಿರುಗಿಸಿದರಾಯಿತು. ಶಿಕ್ಷಣ ಇಲಾಖೆ ಈ ವರ್ಷದ ಪ್ರವಾಸದ ಪಟ್ಟಿಯಲ್ಲೇ ಮಾರಡಿಹಳ್ಳಿಯ ಹೆಸರು ಸೇರಿಸಲಿ.