ಬೆಳೆ ನಮ್ಮದು, ದಂಡದ ಹಣ ಮಾತ್ರ ಸರ್ಕಾರದ್ದೇ?



ರಜೆಗೆಂದು ದಮ್ಮಾಮಿನಲ್ಲಿ ವಿಮಾನ ಹತ್ತುವ ನಾವು ಪಾಸ್‌ಪೋರ್ಟ್ ನಂಬರು, ಹುಟ್ಟಿದ ತಾರೀಖು ಎಲ್ಲವನ್ನೂ ಕಂಪನಿಯನ್ನು ನಂಬಿ ಕೊಡುತ್ತೇವೆ. ಏರ್ ಇಂಡಿಯಾದ ಸುಮಾರು 45 ಲಕ್ಷ ಪ್ರಯಾಣಿಕರ ಇಂಥ ವಿವರಗಳು ಕಳವಾದ ಸುದ್ದಿ ಕಂಪನಿಗೆ ಮುಟ್ಟಿದ್ದು 2021ರ ಫೆಬ್ರವರಿಯಲ್ಲಿ. ಏನೇನು ಹೋಯಿತೆಂದು ಪ್ರಯಾಣಿಕರಿಗೆ ತಿಳಿದದ್ದು ಮೇ ತಿಂಗಳಲ್ಲಿ!

ಇಂಥದ್ದು ಮತ್ತೆ ಆದರೆ ನಮಗೇನು ಸಿಗುತ್ತದೆ? ಭಾರತದ 2023ರ ದತ್ತಾಂಶ ಸಂರಕ್ಷಣಾ ಕಾಯಿದೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು ಎನ್ನುತ್ತದೆ. ಆದರೆ ಆ ಹಣ ಸರ್ಕಾರದ ಬೊಕ್ಕಸಕ್ಕೆ. ನಷ್ಟಪಟ್ಟವರಿಗೆ ಪರಿಹಾರ ಕೊಡಿಸುತ್ತಿದ್ದ ಐಟಿ ಕಾಯಿದೆಯ 43ಎ ಕಲಮನ್ನು ಕಿತ್ತುಹಾಕಲೂ ಅದೇ ಕಾಯಿದೆ ಹೇಳುತ್ತದೆ. ಬೆಳೆ ಮೇಯ್ದ ದನವನ್ನು ದೊಡ್ಡಿಗೆ ಹಾಕಿ ದಂಡ ವಸೂಲು ಮಾಡಿ, ರೈತನನ್ನು ಬರಿಗೈಯಲ್ಲಿ ಕಳಿಸಿದಂತೆ.

ನಾವು ದುಡಿಯುವ ಈ ಸೌದಿಯಲ್ಲಿ 2023ರ ಸೆಪ್ಟೆಂಬರ್ 14ರಿಂದ ಜಾರಿಯಲ್ಲಿರುವ ಕಾನೂನು ಮೇಲು. ಹಾನಿಯಾಗುವಂತಿದ್ದರೆ ಕಂಪನಿ ತಡಮಾಡದೆ ನಮಗೆ ತಿಳಿಸಬೇಕು. ತಿಳಿದ 90 ದಿನದೊಳಗೆ ನಾವು ದೂರು ಕೊಡಬಹುದು. ಹಣದ ನಷ್ಟಕ್ಕೂ ಮನಸ್ಸಿನ ನೋವಿಗೂ ಕೋರ್ಟಿನಲ್ಲಿ ಪರಿಹಾರ ಕೇಳಬಹುದು.

ಆದ್ದರಿಂದ ಕಂಪನಿಯ ಕಾಗದ, ಮೆಸೇಜು ಬಂದರೆ ಎಸೆಯದೆ ಜೋಪಾನವಾಗಿಡಿ. ಊರಿಗೆ ಹೋದಾಗ ನಿಮ್ಮ ಸಂಸದರನ್ನು ಕೇಳಿ: ಪರದೇಶದಲ್ಲಿ ಸಿಗುವ ನ್ಯಾಯ ತಾಯ್ನಾಡಿನಲ್ಲಿ ಏಕಿಲ್ಲ?