ಎರಡನೆಯವನಾಗಿ ನಿಲ್ಲಬಲ್ಲ ಗಂಡಸು

ನಟನ ನೂರನೇ ಚಿತ್ರವೆಂದರೆ ದಕ್ಷಿಣದಲ್ಲಿ ಪಟ್ಟಾಭಿಷೇಕ ಇದ್ದ ಹಾಗೆ. ಶಿವಾಜಿ ಗಣೇಶನ್ 1964ರಲ್ಲಿ ತಮ್ಮ ನೂರನೇ ಚಿತ್ರ ‘ನವರಾತ್ರಿ’ಯಲ್ಲಿ ಒಂಬತ್ತು ಪಾತ್ರ ಮಾಡಿದರು. ರಜನಿಕಾಂತ್ 1985ರಲ್ಲಿ ‘ಶ್ರೀ ರಾಘವೇಂದ್ರ’ರಾಗಿ ಮಂತ್ರಾಲಯದ ಗುರುವಿನ ಪಾತ್ರ ಧರಿಸಿದರು. ಈ ಎರಡರ ನಡುವೆ, 1979ರಲ್ಲಿ, ಕೊಯಮತ್ತೂರು ಜಿಲ್ಲೆಯ ಶಿವಕುಮಾರ್ ತಮ್ಮ ನೂರನೇ ಚಿತ್ರಕ್ಕೆ ಆರಿಸಿಕೊಂಡದ್ದು ಊರ ಹೆಂಗಸರಿಗೆ ಪೇಟೆಯ ಸಾಮಾನು ತಂದು ಮಾರುವ, ಹೆಂಡತಿಯ ಮನಸ್ಸು ಬೇರೆಡೆ ತಿರುಗಿದ್ದನ್ನು ತಡೆಯಲಾಗದ ಒಬ್ಬ ಪೆದ್ದ ಗಂಡನ ಪಾತ್ರವನ್ನು. ಆ ‘ರೋಸಾಪ್ಪು ರವಿಕ್ಕೈಕಾರಿ’ ನಮ್ಮದೇ ಸರಕು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ ಆಧರಿಸಿ ಹಿಂದಿನ ವರ್ಷ ಬಂದಿದ್ದ ‘ಪರಸಂಗದ ಗೆಂಡೆತಿಮ್ಮ’ದ ತಮಿಳು ರೂಪ, ಲೋಕೇಶ್ ಮಾಡಿದ ಪಾತ್ರವೇ ಶಿವಕುಮಾರ್ ಪಾಲಿಗೆ ಬಂತು. ಇಪ್ಪತ್ತು ವರ್ಷಗಳ ಬಳಿಕ ಅವರು ಕಿರುತೆರೆಗೆ ಹೋದದ್ದನ್ನು ಅರ್ಥ ಮಾಡಿಕೊಳ್ಳಲು ಇಲ್ಲಿಂದಲೇ ಹೊರಡಬೇಕು. ಸಿನಿಮಾದಲ್ಲಿ ಬೇಡಿಕೆ ಕುಗ್ಗಿದವರ ಪಿಂಚಣಿ ಎಂದೇ ಧಾರಾವಾಹಿಯನ್ನು ಎಣಿಸುವುದು ವಾಡಿಕೆ. ಶಿವಕುಮಾರ್ ವಿಷಯದಲ್ಲಿ ಆ ಲೆಕ್ಕ ತಪ್ಪುತ್ತದೆ. ಅವರು ಬಲ್ಲ ಕಥೆ ಟಿ.ವಿ.ಗೆ ವಲಸೆ ಹೋಯಿತು, ಅದರ ಹಿಂದೆ ಅವರೂ ಹೋದರು.

ಸೂಲೂರು ಬಳಿಯ ಕಾಸಿಗೌಂಡನ್‌ಪುದೂರಿನಲ್ಲಿ 1941ರ ಅಕ್ಟೋಬರ್ 27ರಂದು ಹುಟ್ಟಿದ ಅವರ ಹೆಸರು ಪಳನಿಸ್ವಾಮಿ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಮದರಾಸಿಗೆ ಹೋದದ್ದು ನಟನಾಗಲು ಅಲ್ಲ, ಚಿತ್ರಕಲೆ ಕಲಿಯಲು. ಅವರು ಬರೆದ ದೇವಾಲಯಗಳ ಚಿತ್ರಗಳಿಗೆ ಇಂದಿಗೂ ಮೆಚ್ಚುಗೆಯಿದೆ. 1965ರಲ್ಲಿ ಎವಿಎಂನ ‘ಕಾಕ್ಕುಂ ಕರಂಗಳ್’ ಮೂಲಕ ತೆರೆಗೆ ಬಂದರು. ಕೊಯಮತ್ತೂರು ಸುತ್ತಲಿನ ಕೊಂಗುನಾಡು ತಮಿಳು ಚಿತ್ರರಂಗಕ್ಕೆ ಕೊಟ್ಟ ಇತರರನ್ನು ನೋಡಿ: ಉಡುಮಲೈ ಕಡೆಯ ಗೌಂಡಮಣಿ, ಸೂಲೂರಿನವರೇ ಆದ ಮಣಿವಣ್ಣನ್, ಕೊಯಮತ್ತೂರಿನ ಸತ್ಯರಾಜ್, ಕೋವೈ ಸರಳಾ. ಎದುರಾಳಿಯ ಮಾತನ್ನು ಮುಗಿಯಲು ಬಿಡದೆ ಕುಟುಕುವ ಗಟ್ಟಿ ದನಿಯವರು. ಅದೇ ಮಣ್ಣಿನ ಶಿವಕುಮಾರ್ ತೆರೆಯ ಮೇಲೆ ಎದುರಿನವರ ಮಾತು ಮುಗಿಯುವವರೆಗೆ ಕಾಯುವ ನಟ. ಈ ಕಾಯುವ ಗುಣವನ್ನು ವಿಮರ್ಶಕರು ಬಹುಕಾಲ ಸಪ್ಪೆತನವೆಂದು ಬಗೆದರು.

ಸುಮಾರು 190 ಚಿತ್ರಗಳಲ್ಲಿ ನೆನಪುಳಿದವುಗಳ ಶೀರ್ಷಿಕೆಗಳೇ ಈ ಗುಣಕ್ಕೆ ಒಂದು ಪುರಾವೆ. ‘ಅನ್ನಕ್ಕಿಳಿ’, ‘ಭದ್ರಕಾಳಿ’, ‘ರೋಸಾಪ್ಪು ರವಿಕ್ಕೈಕಾರಿ’, ‘ಸಿಂಧು ಭೈರವಿ’ ಎಲ್ಲವೂ ಹೆಣ್ಣಿನ ಹೆಸರು ಹೊತ್ತವು. ಇಳಯರಾಜರನ್ನು ಪರಿಚಯಿಸಿದ 1976ರ ‘ಅನ್ನಕ್ಕಿಳಿ’ಯಲ್ಲಿ ಅವರು ತನ್ನನ್ನು ಪ್ರೀತಿಸಿದವಳನ್ನು ಬಿಟ್ಟು ಬೇರೊಬ್ಬಳನ್ನು ಮದುವೆಯಾಗುವ ಶಾಲಾ ಮೇಷ್ಟ್ರು. ಕೆ. ಬಾಲಚಂದರ್ ಅವರ ‘ಸಿಂಧು ಭೈರವಿ’ಯಲ್ಲಿ (1985) ಅವರು ಜೆಕೆಬಿ ಎಂಬ ದೊಡ್ಡ ಸಂಗೀತ ವಿದ್ವಾಂಸ; ಸಂಗೀತ ಅರಿಯದ ಹೆಂಡತಿ ಭೈರವಿ, ಸಂಗೀತದಲ್ಲಿ ತನ್ನನ್ನೇ ಪ್ರಶ್ನಿಸಬಲ್ಲ ಸಿಂಧು, ಈ ಇಬ್ಬರ ನಡುವೆ ಆತ ಕುಡಿತಕ್ಕೆ ಬಿದ್ದು ಕುಸಿಯುತ್ತಾನೆ. ಆ ಚಿತ್ರಕ್ಕೆ ಮೂರು ರಾಷ್ಟ್ರಪ್ರಶಸ್ತಿ ಬಂದವು: ಸಿಂಧುವಾಗಿದ್ದ ಸುಹಾಸಿನಿಗೆ, ಇಳಯರಾಜರಿಗೆ, ಗಾಯಕಿ ಚಿತ್ರಾಗೆ. ಕಥೆಯ ಮಧ್ಯದಲ್ಲಿ ನಿಂತಿದ್ದ ನಟನಿಗೆ ಏನೂ ಇಲ್ಲ. ಇದನ್ನು ಅನ್ಯಾಯ ಎನ್ನಬಹುದು. ನನಗೆ ಅದು ಪಾತ್ರದ ಸ್ವಭಾವಕ್ಕೆ ತಕ್ಕ ಫಲಿತಾಂಶವಾಗಿಯೇ ಕಾಣುತ್ತದೆ. ಆ ಚಿತ್ರದಲ್ಲಿ ಸುಹಾಸಿನಿ ಎದ್ದು ಕಂಡದ್ದಕ್ಕೆ ಅವರ ಎದುರು ತಗ್ಗಿ ನಿಲ್ಲಲು ಒಪ್ಪಿದ ಒಬ್ಬ ಗಂಡಸು ಇದ್ದದ್ದೂ ಕಾರಣ. ಅಭಿಮಾನಿ ಸಂಘಗಳುಳ್ಳ ನಾಯಕನೊಬ್ಬ ಆ ಜಾಗದಲ್ಲಿ ಇದ್ದಿದ್ದರೆ ಚಿತ್ರಕಥೆಯನ್ನೇ ತಿದ್ದಬೇಕಾಗುತ್ತಿತ್ತು.

ಇಂಥ ಕಥೆಗಳಿಗೆ ತೊಂಬತ್ತರ ದಶಕದ ತಮಿಳು ಚಿತ್ರರಂಗದಲ್ಲಿ ಜಾಗ ಕಿರಿದಾಯಿತು. ನಾಯಕನ ಹೆಸರಿನ ಮೇಲೆಯೇ ಹಂಚಿಕೆಯ ವ್ಯಾಪಾರ ಕುದುರುವಾಗ ಗಂಡನ ದೌರ್ಬಲ್ಯದ ಕಥೆಗೆ ಬಂಡವಾಳ ಹಾಕುವವರು ಯಾರು? 1993ರಲ್ಲಿ ಸನ್ ಟಿ.ವಿ. ಶುರುವಾಯಿತು, ಸಂಜೆಯ ಮನೆ, ಅತ್ತೆ-ಸೊಸೆ, ಸಾಲ, ಅನುಮಾನ, ಎರಡನೇ ಮದುವೆ ಎಲ್ಲವೂ ಅತ್ತ ಸರಿದವು. ಬಾಲಚಂದರ್ ಅವರೇ ಧಾರಾವಾಹಿಗೆ ಬಂದರು. ‘ಸಿಂಧು ಭೈರವಿ’ಯ ಮುಂದುವರಿದ ಕಥೆಯನ್ನು ಅವರು ಸಿನಿಮಾ ಮಾಡಲಿಲ್ಲ, ‘ಸಹಾನಾ’ ಎಂಬ ಧಾರಾವಾಹಿ ಮಾಡಿ ಜಯಾ ಟಿ.ವಿ.ಗೆ ಕೊಟ್ಟರು. ವಲಸೆಗೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ನಟಿ ರಾಧಿಕಾ ಅವರ ರಾಡಾನ್ ಸಂಸ್ಥೆಯ ‘ಚಿತ್ತಿ’ 1999ರ ಕೊನೆಗೆ ಆರಂಭವಾಗಿ 2001ರ ನವೆಂಬರ್‌ವರೆಗೆ ನಡೆಯಿತು. ಹೆಸರೇ ಹೇಳುವಂತೆ ಕಥೆ ಚಿಕ್ಕಮ್ಮನದು; ಆ ಪಾತ್ರ ರಾಧಿಕಾ ಅವರದೇ, ಶಿವಕುಮಾರ್ ಅವಳ ಗಂಡ. ಧಾರಾವಾಹಿಯ ಕ್ಯಾಮೆರಾ ಕೇಳುವುದು ಹೆಚ್ಚಾಗಿ ಮಾತಾಡುವವರ ಮುಖವನ್ನಲ್ಲ, ಕೇಳಿಸಿಕೊಳ್ಳುವವರ ಮುಖವನ್ನು. ಒಂದೇ ದಿನದಲ್ಲಿ ಹಲವು ದೃಶ್ಯ ಮುಗಿಸಬೇಕಾದ ಸೆಟ್ಟಿನಲ್ಲಿ, ಹತ್ತು ಬಾರಿ ಒಂದೇ ಸುದ್ದಿಗೆ ಹತ್ತು ಬಗೆಯಾಗಿ ಮುಖ ಬಾಡಿಸಬಲ್ಲ ನಟ ಸಿಕ್ಕರೆ ನಿರ್ದೇಶಕನಿಗೆ ಅರ್ಧ ಕೆಲಸ ಹಗುರ. ಸಿನಿಮಾದಲ್ಲಿ ಸಪ್ಪೆ ಎನಿಸಿದ್ದೇ ಇಲ್ಲಿ ಬಂಡವಾಳವಾಯಿತು. ‘ಅಣ್ಣಾಮಲೈ’ಯಲ್ಲೂ ಅದೇ ಜೋಡಿ ಮುಂದುವರಿಯಿತು.

ಈ ವಾದಕ್ಕೆ ಮೊದಲ ಆಕ್ಷೇಪ ಸರಳ: ಅರವತ್ತರ ಹೊಸ್ತಿಲಿನ ನಟನಿಗೆ ಬೇರೆ ದಾರಿ ಏನಿತ್ತು? 2001ರ ‘ಪೂವೆಲ್ಲಾಂ ಉನ್ ವಾಸಂ’ ಹೊತ್ತಿಗೆ ಸಿನಿಮಾದಲ್ಲಿ ಅವರಿಗೆ ಉಳಿದಿದ್ದದ್ದು ಅಪ್ಪನ ಪಾತ್ರ. ವಯಸ್ಸಿನ ಒತ್ತಡ ಇತ್ತು, ನಿಜ. ಆದರೆ ವಯಸ್ಸು ಎಲ್ಲರಿಗೂ ಆಗುತ್ತದೆ, ಎಲ್ಲರೂ ಈ ಬಾಗಿಲಿನಿಂದ ಒಳಗೆ ಬರುವುದಿಲ್ಲ. ದೊಡ್ಡ ನಾಯಕರು ಕಿರುತೆರೆಗೆ ಬಂದ ಬಗೆ ಗಮನಿಸಿ. ಪುನೀತ್ ರಾಜ್‌ಕುಮಾರ್ 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ಯ ನಿರೂಪಕರಾದರು. ಅದೇ ವರ್ಷ ಅದೇ ಮಾದರಿಯ ಕಾರ್ಯಕ್ರಮವನ್ನು ತಮಿಳಿನಲ್ಲಿ ನಡೆಸಿಕೊಟ್ಟವರು ಶಿವಕುಮಾರ್ ಅವರ ಮಗ ಸೂರ್ಯ. ಸುದೀಪ್, ಕಮಲ್ ಹಾಸನ್ ‘ಬಿಗ್ ಬಾಸ್’ ವೇದಿಕೆಗೆ ಬಂದರು. ಇವರೆಲ್ಲ ತಾವಾಗಿಯೇ ಬಂದರು, ಪಾತ್ರವಾಗಿ ಬರಲಿಲ್ಲ. ಬೆಳಕು ಅವರ ಮೇಲೆಯೇ ಇತ್ತು. ತಾರೆಗೆ ಟಿ.ವಿ. ನಿಷಿದ್ಧವಲ್ಲ, ಟಿ.ವಿ.ಯಲ್ಲಿ ಇನ್ನೊಬ್ಬರ ಕಥೆಯೊಳಗೆ ಗಂಡನಾಗಿ ಕೂರುವುದು ನಿಷಿದ್ಧ. ಒಂದೇ ಮನೆಯ ತಂದೆ-ಮಗ ಆ ಗೆರೆಯ ಎರಡು ಬದಿಗೆ ನಿಂತಿದ್ದಾರೆ. ಕನ್ನಡದಲ್ಲಿ ಟಿ.ಎನ್. ಸೀತಾರಾಂ ಮೂರನೆಯ ದಾರಿಯೊಂದನ್ನು ತೋರಿಸಿದರು. ಅವರ ಧಾರಾವಾಹಿಗಳ ಸಿಎಸ್‌ಪಿ ಎಂಬ ವಕೀಲ ಮನೆಯ ಗೋಳನ್ನು ನ್ಯಾಯಾಲಯಕ್ಕೆ ಒಯ್ದು ವಾದದಿಂದ ಬಿಡಿಸುತ್ತಾನೆ, ಹೀಗೆ ಗಂಡು ದನಿ ಧಾರಾವಾಹಿಯಲ್ಲಿ ಹಿರಿತನ ಉಳಿಸಿಕೊಂಡಿತು. ಕೊಂಗುನಾಡಿನ ನಟ ಹಿಡಿದದ್ದು ಆ ದಾರಿಯನ್ನೂ ಅಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಹೆಣ್ಣಿನ ಹೆಸರಿನ ಧಾರಾವಾಹಿ ಹೆಣ್ಣಿಗೆ ಕೊಡುವುದು ಸಹನೆಯ ಹೊರೆಯನ್ನು. ಒಳ್ಳೆಯ, ಮೆತ್ತನೆಯ ಗಂಡನೊಬ್ಬ ಪಕ್ಕದಲ್ಲಿದ್ದರೆ ಆ ಹೊರೆ ಸಹಜವೆನಿಸಿಬಿಡುತ್ತದೆ, ಅವನ ಅಸಹಾಯಕತೆಯೇ ಅವನಿಗೆ ರಿಯಾಯಿತಿಯಾಗುತ್ತದೆ ಎಂಬುದೇ ಆ ಆಕ್ಷೇಪ. ಇದನ್ನು ನಾನು ಬಹುಪಾಲು ಒಪ್ಪುತ್ತೇನೆ. ಜೆಕೆಬಿಯನ್ನು ಚಿತ್ರ ಕುಡಿತಕ್ಕೆ ಬೀಳಿಸುತ್ತದೆ, ಮತ್ತೆ ಎತ್ತಿ ನಿಲ್ಲಿಸಿ ಸಂಗೀತವನ್ನೂ ಹೆಂಡತಿಯನ್ನೂ ಹಿಂದಿರುಗಿಸುತ್ತದೆ. ಮಗುವನ್ನು ಒಪ್ಪಿಸಿ ಹೊರಟುಹೋಗಬೇಕಾದವಳು ಸಿಂಧು. ಧಾರಾವಾಹಿ ಆ ಲೆಕ್ಕಾಚಾರವನ್ನು ಬದಲಿಸಲಿಲ್ಲ, ಹಿಗ್ಗಿಸಿತು. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ತಪ್ಪು ಮಾಡಿದ ಗಂಡನನ್ನು ಪ್ರತಿರಾತ್ರಿ ಹತ್ತಿರದಿಂದ, ಅವನಿಗೆ ಹೊಡೆದಾಟದ ದೃಶ್ಯವೊಂದನ್ನು ಕೊಟ್ಟು ಮರ್ಯಾದೆ ಉಳಿಸದೆ ತೋರಿಸಿದ್ದು ಸಿನಿಮಾ ಅಲ್ಲ, ಧಾರಾವಾಹಿ. ಅದನ್ನು ನೋಡಿದವರಲ್ಲಿ ಕನ್ನಡಿಗರೂ ಇದ್ದರು: ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗ ನೇಕಾರರಿದ್ದಾರೆ, ಒಕ್ಕಲಿಗರಿದ್ದಾರೆ. ಶಾಲೆ, ಸಂತೆ, ಟಿ.ವಿ. ಎಲ್ಲ ತಮಿಳು. ಅಲ್ಲಿ ಒಬ್ಬ ತಮಿಳು ಗಂಡ ತಲೆತಗ್ಗಿಸಿ ಕೂತದ್ದನ್ನು ಕನ್ನಡದಲ್ಲಿ ಚರ್ಚಿಸಲು ಅಡ್ಡಿಯಿಲ್ಲ. ಗೆಂಡೆತಿಮ್ಮ ಒಮ್ಮೆ ಗಡಿ ದಾಟಿದ್ದನಲ್ಲ.

ನಿತ್ಯ ಮನೆಗೆ ಬರುವ ನಟನನ್ನು ಜನ ನೆಂಟನೆಂದೇ ತಿಳಿಯುತ್ತಾರೆ. 2018ರಲ್ಲಿ ಮದುರೈಯಲ್ಲಿ ಸೆಲ್ಫಿ ತೆಗೆಯಹೊರಟ ಯುವಕನ ಫೋನನ್ನು ಶಿವಕುಮಾರ್ ತಟ್ಟಿ ಬೀಳಿಸಿದ ದೃಶ್ಯ ಎಲ್ಲೆಡೆ ಹರಡಿತು. ಅವರು ಕ್ಷಮೆ ಕೇಳಿದರು, ಹೊಸ ಫೋನ್ ಕೊಡಿಸಿದರು. ಆ ಸಿಟ್ಟಿಗೆ ಸಮರ್ಥನೆ ಇಲ್ಲ. ಆದರೆ ಜನ ಅಷ್ಟು ಬೆಚ್ಚಿದ್ದು ಏಕೆ ಎಂಬುದು ಕುತೂಹಲದ ವಿಷಯ: ಅವರು ಕಾಯುವ, ತಗ್ಗುವ ಮನುಷ್ಯನನ್ನೇ ಕಂಡಿದ್ದವರು. ಅಷ್ಟು ಹೊತ್ತಿಗೆ ಶಿವಕುಮಾರ್ ನಟನೆ ಬಿಟ್ಟು ವರ್ಷಗಳೇ ಆಗಿದ್ದವು. ಕಂಬ ರಾಮಾಯಣ, ಮಹಾಭಾರತಗಳನ್ನು ಚೀಟಿ ನೋಡದೆ ಗಂಟೆಗಟ್ಟಲೆ ಹೇಳುವ ವಾಗ್ಮಿಯಾಗಿ, ಒಬ್ಬರೇ ಮಾತಾಡುವ ವೇದಿಕೆಗೆ ಅವರು ಸರಿದಿದ್ದರು. 2020ರಲ್ಲಿ ‘ಚಿತ್ತಿ 2’ ಬಂದಾಗ ರಾಧಿಕಾ ಮರಳಿದರು, ಗಂಡನ ಪಾತ್ರ ಪೊನ್‌ವಣ್ಣನ್ ಅವರಿಗೆ ಹೋಯಿತು. ಅದಕ್ಕೂ ಮುಂಚೆ ‘ಸಹಾನಾ’ದ ಜೆಕೆಬಿ ವೈ.ಜಿ. ಮಹೇಂದ್ರನ್ ಆಗಿದ್ದರು. ಬೇರೆಯವರು ಬಂದು ಕೂತರೂ ಕಥೆ ನಡೆಯಿತಲ್ಲ, ಹಾಗಾದರೆ ಆ ನಟನ ವಿಶೇಷವೇನು ಎಂದು ಕೇಳುವವರಿದ್ದಾರೆ. ಎಂಜಿಆರ್ ಪಾತ್ರಕ್ಕೆ ಬದಲಿ ನಟನನ್ನು ಹುಡುಕುವ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, ಆ ಪಾತ್ರ ಅವರೊಂದಿಗೇ ಮುಗಿಯುತ್ತಿತ್ತು. ಶಿವಕುಮಾರ್ ಎದ್ದುಹೋದ ಮೇಲೂ ಆ ಕುರ್ಚಿ ಧಾರಾವಾಹಿಯಲ್ಲಿ ಉಳಿದಿದೆ, ಪ್ರತಿ ಹೊಸ ಕಥೆಗೂ ಅದರಲ್ಲಿ ಕೂರಲು ಒಬ್ಬ ನಟ ಬೇಕೇ ಬೇಕು.