ಖಾಲಿ ಬಿಟ್ಟ ಪಾಲು

ಕಳೆದ ವೈಶಾಖದ ಒಂದು ಮಧ್ಯಾಹ್ನ. ಹುನಗುಂದದ ನೆಂಟರ ಮನೆಯಂಗಳದಲ್ಲಿ ಕಾಲಿಡಲಾಗದಷ್ಟು ಬಿಸಿಲು. ಕೆಟ್ಟುನಿಂತ ಫ್ರಿಜ್ಜನ್ನು ಸರಿಪಡಿಸಲು ಇಳಕಲ್ಲಿನಿಂದ ಬಂದ ತರುಣನು, ಅದಕ್ಕೆ ತಂಪನ್ನೀಯುವ ಶೀತಕ ದ್ರವದ ಸಿಲಿಂಡರನ್ನು ಕಾದ ಕಲ್ಲುಹಾಸಿನ ಮೇಲೆಯೇ ಇಳಿಸಿದ್ದನು. ಪಕ್ಕದ ಬೇವಿನ ನೆರಳಿನಲ್ಲಿ ಮಕ್ಕಳು ಆಡುತ್ತಿದ್ದರು.

ಬಾಗಲಕೋಟೆಯಿಂದ ನನ್ನೊಡನೆ ಬಂದಿದ್ದ ಭೌತಶಾಸ್ತ್ರದ ಅಧ್ಯಾಪಕ ಮಿತ್ರರು, "ಎಷ್ಟು ತುಂಬೀಯಪ್ಪಾ ಇದರಾಗ?" ಎಂದು ಕೇಳಿದರು.

"ಮುಂಜಾನೆ ತಂಪಿನ್ಯಾಗ ಕಂಠಮಟ ತುಂಬೇನ್ರಿ ಸರ. ಮತ್ತ ಇಳಕಲ್ಲಿಗೆ ಓಡೂದು ತಪ್ಪತೈತಿ" ಎಂದನು ಆತ.

ಮಿತ್ರರ ಮುಖ ಬಿಳಿಚಿಕೊಂಡಿತು. ಮೊದಲು ಮಕ್ಕಳನ್ನು ಒಳಗೆ ಕಳುಹಿಸಿದರು. ಸಿಲಿಂಡರನ್ನು ನೆರಳಿಗೆ ಸಾಗಿಸಿ, ಒದ್ದೆ ಗೋಣಿತಟ್ಟು ಹೊದಿಸಿ, ಅದರಲ್ಲಿಯ ಒಂದು ಪಾಲನ್ನು ಬೇರೊಂದು ಬರಿದಾದ ಸಿಲಿಂಡರಿಗೆ ವರ್ಗಾಯಿಸುವವರೆಗೂ ಅವರಿಗೆ ಸಮಾಧಾನವಿರಲಿಲ್ಲ.

ಈ ಗಾಬರಿಗೆ ಕಾರಣವೇನು? ಬಾದಾಮಿಯ ಬಂಡೆ ದಿನವೆಲ್ಲ ಕಾದರೂ ಹಿಗ್ಗಿದ್ದು ಕಣ್ಣಿಗೆ ಕಾಣದು. ಶೀತಕದ ಸ್ವಭಾವ ಹಾಗಲ್ಲ. ಉಷ್ಣತೆಯು ೨೫ ಡಿಗ್ರಿ ಸೆಂಟಿಗ್ರೇಡಿನಿಂದ ೫೦ಕ್ಕೇರಿದರೆ ೧೦೦ ಪಾಲು ನೀರು ೧೦೧ನ್ನೂ ಮುಟ್ಟುವುದಿಲ್ಲ. 'ಆರ್-೧೩೪ಎ' ಎಂಬ ಶೀತಕವಾದರೋ ೧೦೯ನ್ನು ಮೀರುತ್ತದೆ. ಮೇಲೆ ಆವಿಗೆ ಎಡೆಯಿದ್ದರೆ ಒತ್ತಡವು ವಾಯುಭಾರದ ಆರೂವರೆ ಪಟ್ಟಿನಿಂದ ಹದಿಮೂರು ಪಟ್ಟಿಗೆ ಏರೀತು. ಗಟ್ಟಿ ಸಿಲಿಂಡರು ಅದನ್ನು ತಾಳಿಕೊಳ್ಳುತ್ತದೆ. ಎಡೆಯೇ ಇಲ್ಲದಿದ್ದರೆ? ಆವಿಯನ್ನು ಅದುಮಬಹುದು, ದ್ರವವನ್ನು ಅದುಮುವುದು ಬಹು ಕಠಿಣ. ಆಗ ಒಂದೊಂದು ಡಿಗ್ರಿಗೂ ಒತ್ತಡವು ಅನೇಕ ವಾಯುಭಾರಗಳಷ್ಟು ಜಿಗಿಯುತ್ತದೆ. ಉಕ್ಕು ಸೋಲುತ್ತದೆ, ದ್ರವವು ಸೋಲದು.

ಆದಕಾರಣವೇ ಶೀತಕದ ಸಿಲಿಂಡರಿನಲ್ಲಿ ಐದರಲ್ಲಿ ನಾಲ್ಕು ಪಾಲು ಮಾತ್ರ ತುಂಬುವುದು ವಾಡಿಕೆ. ೮೦ ಪಾಲು ೫೦ ಡಿಗ್ರಿಯಲ್ಲಿ ೮೮ರ ಸಮೀಪಕ್ಕೆ ಹಿಗ್ಗಿದರೂ ಇನ್ನೂ ಎಡೆಯುಳಿಯುತ್ತದೆ. ನಮ್ಮ ಅಡುಗೆಮನೆಯ ೧೪.೨ ಕಿಲೋ ಗ್ಯಾಸ್ ಸಿಲಿಂಡರಿನಲ್ಲಿಯೂ ಇಂಥದೇ ಎಡೆಯುಂಟು. ತೂಕ ಸರಿಯಾಗಿದ್ದರೆ ಆ ಖಾಲಿ ಜಾಗ ಮೋಸವಲ್ಲ, ಮನೆಮಂದಿಯ ರಕ್ಷಣೆ. ಸಣ್ಣ ಸಿಲಿಂಡರಿಗೆ ಅಳತೆ ಮೀರಿ ತುಂಬಿಕೊಟ್ಟವನನ್ನು ಉದಾರಿಯೆಂದು ಮೆಚ್ಚಬಾರದು.

ಹೊರಡುವಾಗ ಆ ತರುಣನು, "ಖಾಲಿ ಬಿಟ್ರ ಲುಕ್ಸಾನು ಅಂದ್ಕೊಂಡಿದ್ನಿರಿ ಸರ" ಎಂದನು. ಲಾಭವೆಲ್ಲ ತುಂಬುವುದರಲ್ಲಿಯೇ ಇದೆಯೆಂದು ನಾವೂ ಹಾಗೆಯೇ ಎಣಿಸಿರುತ್ತೇವೆ, ಅಲ್ಲವೇ?